ಓಣಿಯ ಉಳಿ ಸಪ್ಪಳ

ಕಮಲಾಪುರದ ನಮ್ಮ ಓಣಿಯಲ್ಲಿ ಸವೆದ ಬೀಸುಕಲ್ಲಿಗೆ ಉಳಿ ಹೊಡೆದು ಒರಟು ಮಾಡಿಕೊಡುವ ಅಜ್ಜಿಯೊಬ್ಬಳಿದ್ದಳು. ಮೊದಲ ಹಿಡಿ ಜೋಳ ತಾನೇ ಬೀಸಿ, ಹಿಟ್ಟಿನಲ್ಲಿ ಹರಳಿಲ್ಲವೆಂದು ನಾಲಗೆಗೆ ಹಚ್ಚಿ ನೋಡಿಯೇ ಕಲ್ಲು ಒಪ್ಪಿಸುತ್ತಿದ್ದಳು. ಕಲಬುರಗಿಯ ಗಿರಣಿಯಲ್ಲಿದ್ದ ಮಗ ಬಂದಾಗಲೆಲ್ಲ, "ಯವ್ವಾ, ನಾ ದುಡಿತೀನಲ್ಲ, ಸಾಕು ಮಾಡಿ ನನ್ನ ಕೂಡ ಬಾ" ಎನ್ನುತ್ತಿದ್ದ. "ಇದೊಂದು ಕಲ್ಲು ಆಗ್ಲಿ ತಡಿ" ಎನ್ನುತ್ತಿದ್ದಳು; ಆ ಕಲ್ಲು ಮುಗಿಯುತ್ತಲೇ ಇರಲಿಲ್ಲ.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ವರ್ಷ ಊರೇ ಹೆದರಿ ಬಾಗಿಲು ಹಾಕಿಕೊಂಡಿತ್ತು. ಗದ್ದಲ ನಿಂತರೂ ಯಾರೂ ಹೊರಬರಲಿಲ್ಲ. ಒಂದು ಮುಂಜಾನೆ ಉಳಿಯ ಸಪ್ಪಳ ಕೇಳಿತು. "ಮುದುಕಿ ಕಲ್ಲ ಹೊಡಿಲಾಕತ್ತಾಳ, ಇನ್ನ ಅಂಜೂದು ಬ್ಯಾಡ" ಎಂದು ನಮ್ಮವ್ವ ಅಗುಳಿ ತೆಗೆದಳು. ಒಂದೊಂದೇ ಬಾಗಿಲು ತೆರೆದವು.

ಅಜ್ಜಿಯನ್ನು ಕರೆದೊಯ್ಯಲೆಂದೇ ಓಡಿಬಂದ ಮಗ ಓಣಿಯನ್ನೊಮ್ಮೆ ನೋಡಿದ. ಬಾ ಎನ್ನಲಿಲ್ಲ, ಕಲ್ಲು ಅಲುಗದಂತೆ ಹಿಡಿದು ಕೂತ.