ದೊಡ್ಡಕ್ಕನ ಬಾಗಿಲಲ್ಲಿ ಹಾಡಿದ ಹೆಂಗಸರು

ಛತ್ರಪತಿ ಸಂಭಾಜಿನಗರದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಬೋಧಿಸಿ ಈ ವರ್ಷ ನಿವೃತ್ತರಾಗುತ್ತಿರುವ ಡಾ. ಮನೋರಮಾ ಹಳ್ಳಿಖೇಡೆಯವರು, ಆಫ್ರಿಕದ ನೆಲಮೂಲದ ಚಿಂತನೆಗಳಲ್ಲಿ ಬೇರೂರಿದ ಸ್ತ್ರೀವಾದವನ್ನು ನಮ್ಮ ತರಗತಿಗಳಿಗೆ ತಂದ ಕೆಲವೇ ವಿದ್ವಾಂಸರಲ್ಲಿ ಒಬ್ಬರು. ಅವರ ವಿದ್ಯಾರ್ಥಿನಿಯಾಗಿದ್ದು, ಬಳಿಕ ಸಹೋದ್ಯೋಗಿಯಾದ ನಾನು ಅವರ ಈ ಅಭಿನಂದನ ಗ್ರಂಥದಲ್ಲಿ ಹೊಗಳಿಕೆಯನ್ನಷ್ಟೇ ಬರೆಯಬೇಕಿತ್ತು. ಆದರೆ ಕಳೆದ ವರ್ಷ ಕಣ್ಣಾರೆ ಕಂಡದ್ದರ ಆಘಾತ ಇನ್ನೂ ಇಳಿದಿಲ್ಲ. ಅದನ್ನು ಬಿಟ್ಟು ಬರೆಯಲು ಕೈ ಒಪ್ಪುತ್ತಿಲ್ಲ.

ಬೀದರದಿಂದ ಬಂದ ನನಗೆ ಮರಾಠಿ ಬಾರದಿದ್ದಾಗ, ತಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು, ರೊಟ್ಟಿ ಬಡಿಯುತ್ತಲೇ ಕನ್ನಡದಲ್ಲಿ ಪಾಠ ಹೇಳಿದವರು ಅವರು. ನೈಜೀರಿಯದ ಯೊರುಬಾ ಜನರ ಮನೆಗಳಲ್ಲಿ ಗಂಡು ಯಾರು, ಹೆಣ್ಣು ಯಾರು ಎನ್ನುವುದಕ್ಕಿಂತ ಹಿರಿಯರು ಯಾರು ಎನ್ನುವುದೇ ಮುಖ್ಯವಾಗಿತ್ತೆಂದೂ, ಅನ್ಯಾಯ ಮಾಡಿದವನ ಅಂಗಳಕ್ಕೆ ಅದೇ ದೇಶದ ಇಗ್ಬೊ ಹೆಂಗಸರು ಒಟ್ಟಾಗಿ ಹೋಗಿ, ಅವನ ತಪ್ಪುಗಳನ್ನೇ ಹಾಡು ಕಟ್ಟಿ ಹಾಡುತ್ತ, ಒನಕೆಯಿಂದ ಗೋಡೆ ಬಡಿಯುತ್ತ, ಅವನು ತಪ್ಪೊಪ್ಪುವ ತನಕ ಕದಲುತ್ತಿರಲಿಲ್ಲವೆಂದೂ ನಾನು ಕೇಳಿದ್ದು ಅಲ್ಲಿಯೇ.

ಮೇಡಂ ಅವರ ತಮ್ಮ ಶಾಂತಕುಮಾರ ನಾಸಿಕದಲ್ಲಿ ಕಟ್ಟಡದ ಗುತ್ತಿಗೆದಾರರು. ರಜೆಯಲ್ಲಿ ತಮ್ಮನ ಮನೆಗೆ ಹೋದಾಗಲೆಲ್ಲ ಮೇಡಂ ಹತ್ತಿರದ ಸಿನ್ನರ್‌ನಲ್ಲಿದ್ದ ಅವರ ಕೆಲಸದ ಜಾಗಕ್ಕೂ ಹೋಗಿ, ನಮ್ಮ ಕಡೆಯಿಂದ ದುಡಿಯಲು ಬಂದ ಹೆಂಗಸರಿಗೆ ಇವೇ ಸಂಗತಿಗಳನ್ನು ಕಥೆಯಂತೆ ಹೇಳುತ್ತಿದ್ದರು. ಹೆಂಗಸರು ನಕ್ಕು ಕೇಳುತ್ತಿದ್ದರು. ಅವರು ಅದನ್ನು ಬರೀ ಕಥೆಯೆಂದು ಕೇಳುತ್ತಿದ್ದಾರೆಂದೇ ನಾವಿಬ್ಬರೂ ನಂಬಿದ್ದೆವು.

ಕಳೆದ ವರ್ಷದ ಒಂದು ಭಾನುವಾರ ಬೆಳಿಗ್ಗೆ ನಾನು ಮೇಡಂ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಹೊರಗೆ ಸೋಬಾನೆಯ ಧಾಟಿ ಕೇಳಿ, ಯಾರದೋ ಮದುವೆಯೆಂದುಕೊಂಡು ಬಾಗಿಲು ತೆರೆದೆ. ಸಿನ್ನರ್‌ನ ಹೆಂಗಸರೆಲ್ಲ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಮೇಡಂ ಅಂಗಳದಲ್ಲಿ ಕುಳಿತು, ಬುಟ್ಟಿ ಬಡಿಯುತ್ತ, ಶಾಂತಕುಮಾರರ ಹೆಸರು ಹಿಡಿದು ಹಾಡುತ್ತಿದ್ದರು. ಅವರಲ್ಲೊಬ್ಬಳಾದ ಹನುಮವ್ವನ ಮಗಳು ಮಂಜುಳಾಳ ಮೈಮೇಲೆ ಸೂಪರ್‌ವೈಸರ್ ಕೈ ಹಾಕಿದ್ದ. ದೂರು ಕೊಟ್ಟದ್ದಕ್ಕೆ ಶಾಂತಕುಮಾರರು ಸುಳ್ಳು ಹೇಳುತ್ತಿದ್ದಾಳೆಂದು ಆ ಹುಡುಗಿಯನ್ನೇ ಜರೆದು, ತಾಯಿ ಮಗಳಿಬ್ಬರನ್ನೂ ಶೆಡ್ಡಿನಿಂದ ಹೊರಹಾಕಿದ್ದರು.

"ತಪ್ಪು ಮಾಡಿದವ ನಾಸಿಕದಾಗ ಇದ್ದಾನಲ್ಲವ್ವಾ, ಇಲ್ಲಿಗ್ಯಾಕ ಬಂದ್ರಿ?" ಎಂದೆ, ಸಿಟ್ಟಿನಿಂದಲೇ.

ಹನುಮವ್ವ ನನ್ನತ್ತ ತಿರುಗದೆ, ನನ್ನ ಹಿಂದೆ ಬಂದು ನಿಂತಿದ್ದ ಮೇಡಂಗೇ ಹೇಳಿದಳು. "ಬಾಯಾರ, ನೀವೇ ಹೇಳಿದ್ರಲ್ರಿ, ಆ ದೇಶದಾಗ ಹಿರೇರು ಯಾರಂತ ನೋಡ್ತಾರಂತ. ನಿಮ್ಮ ಮನ್ಯಾಗ ಹಿರೇರು ನೀವು. ತಮ್ಮ ತಪ್ಪಿದ್ರ ಅಕ್ಕನ ಬಾಗಿಲಿಗೇ ಬರಬೇಕಲ್ರಿ?"

ಮೇಡಂ ಬಾಗಿಲು ಹಾಕಿಕೊಳ್ಳುತ್ತಾರೇನೋ ಎಂದು ಹೆದರಿದೆ. ಅವರು ಒಳಗೆ ಹೋಗಿ ತಮ್ಮನಿಗೆ ಫೋನ್ ಮಾಡಿ, "ಬಾ" ಎಂದಷ್ಟೇ ಹೇಳಿ, ಹೊರಬಂದು ಮಂಜುಳಾಳ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟರು. ಓಣಿಯ ಜನ ಬಂದು ನೋಡಿದರು. ಅವರು ಏಳಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಶಾಂತಕುಮಾರರು ಬಂದರು. "ಅಕ್ಕಾ, ಏಳ್ರಿ. ಮರ್ಯಾದಿ ಹೋಗ್ಲಿಕತ್ತದ. ಅವನ್ನ ಕೆಲಸದಿಂದ ತೆಗೀತೀನಿ, ಮುಗೀತಲ್ಲ?"

"ನನ್ನ ಮುಂದ ಹೇಳಬ್ಯಾಡ. ನೀ ಸುಳ್ಳಿ ಅಂದದ್ದು ಈಕಿನ್ನ. ಈಕಿ ಮುಂದ ಹೇಳು."

ಶಾಂತಕುಮಾರರು ಸುತ್ತ ನೆರೆದಿದ್ದ ಓಣಿಯ ಜನರತ್ತ ಒಮ್ಮೆ ನೋಡಿದರು. ಕೊನೆಗೆ ಮಂಜುಳಾಳ ಎದುರು, "ನೀ ಖರೇನೇ ಹೇಳಿದ್ದಿ, ತಪ್ಪಾತು," ಎಂದರು. ಆಗಲಷ್ಟೇ ಹಾಡು ನಿಂತಿತು. ಸೂಪರ್‌ವೈಸರ್ ಕೆಲಸ ಕಳೆದುಕೊಂಡ. ಅಂದಿನಿಂದ ಶಾಂತಕುಮಾರರು ಅಕ್ಕನ ಜೊತೆ ಮಾತು ಬಿಟ್ಟಿದ್ದಾರೆ. ತಮ್ಮ ಸೊಸೆಯ ಸೀಮಂತಕ್ಕೂ ಅವರನ್ನು ಕರೆಯಲಿಲ್ಲ. ಆ ನೋವನ್ನು ಮೇಡಂ ಮುಚ್ಚಿಡುವುದಿಲ್ಲ.

ಇಷ್ಟೆಲ್ಲ ಈ ಗ್ರಂಥದಲ್ಲಿ ಬೇಡವೆಂದು ಸಂಪಾದಕರಾದ ಗುರುಲಿಂಗಪ್ಪನವರು ಹೇಳಿದಾಗ ಮೇಡಂ, "ಅದನ್ನ ಬಿಟ್ರ ಉಳದದ್ದು ನನ್ನ ಬಯೋಡಾಟಾ ಅಷ್ಟೇ ನೋಡ್ರಿ," ಎಂದರು.

ಮಂಜುಳಾ ಈಗ ನಾಸಿಕದ ಬಳಿಯ ದಿಂಡೋರಿಯ ದ್ರಾಕ್ಷಿತೋಟದಲ್ಲಿದ್ದಾಳೆ. ಕಳೆದ ವಾರ ಮೇಡಂಗೆ ಅವಳ ಫೋನ್ ಬಂತು. ಅಲ್ಲಿಯೂ ಯಾರದೋ ಅಂಗಳಕ್ಕೆ ಹೆಂಗಸರೆಲ್ಲ ಹೊರಟಿದ್ದಾರಂತೆ. "ಬಾಯಾರ, ಈ ಸಲ ಮೊದ್ಲಿಂದನೇ ನಮ್ಮ ಸಂಗಟ ಕುಂದರಾಕ ಬರ್ರಿ," ಎಂದಳು. ಬೀಳ್ಕೊಡುಗೆಯ ಮರುದಿನದ ಬಸ್ಸಿಗೆ ಮೇಡಂ ಟಿಕೆಟ್ ತೆಗೆಸಿದ್ದಾರೆ. ನೆಲದ ಮೇಲೆ ದಿನವಿಡೀ ಕೂರುವಷ್ಟು ಗಟ್ಟಿ ಮೊಣಕಾಲನ್ನೂ, ದೀರ್ಘಾಯುಷ್ಯವನ್ನೂ ದೇವರು ಅವರಿಗೆ ಕೊಡಲಿ. ಹಾಡಲು ಬಾರದ ನಾನೂ ಅವರ ಜೊತೆ ಹೊರಟಿದ್ದೇನೆ.