ಬೆಣ್ಣೆ ಬಣ್ಣದ ಹತ್ತು ಗಂಟೆ ಹೂವು

ಮೊದಲ ಸಲ ಗೊತ್ತಾದದ್ದು ಒಂದು ಬೆಳಿಗ್ಗೆ ಅಂಗಳ ಗುಡಿಸುವಾಗ. ತೆಂಗಿನ ಮರದ ಪಾತಿಯ ತುಂಬ ಹಬ್ಬಿದ್ದ ಹತ್ತು ಗಂಟೆ ಹೂವಿನ ಗಿಡ ಒಂದು ಅಂಚಿನಲ್ಲಿ ತೆಳ್ಳಗಾಗಿತ್ತು. ಬಗ್ಗಿ ನೋಡಿದೆ. ಕುಡಿಗಳನ್ನು ಯಾರೋ ಚಿವುಟಿದ್ದರು. ಕುರಿ ಬಾಯಿ ಹಾಕಿದರೆ ಬೇರು ಸಮೇತ ಎಳೆಯುತ್ತದೆ. ಕೋಳಿ ಕೆದರಿದರೆ ಮಣ್ಣು ಚೆಲ್ಲಾಡಿರುತ್ತದೆ. ಇದು ಹಾಗಲ್ಲ. ಗೆಣ್ಣಿನ ಕೆಳಗೆ, ಉಗುರಿನಿಂದ, ನೀಟಾಗಿ ಚಿವುಟಿದ್ದು. ಗಿಡ ನೆಡುವುದು ಗೊತ್ತಿದ್ದವರ ಕೈ. ಏನೂ ತಿಳಿಯದ ಕಳ್ಳನಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಅನುಮಾನದವಳು, ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯವನು ತಕ್ಕಡಿ ಹಿಡಿದರೆ ನಾನು ಅವನ ಬೆರಳು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ನನ್ನನ್ನು ನೋಡಿ ನಕ್ಕರೆ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತೇನೆ. "ನೀನು ಪೊಲೀಸ್ ಸ್ಟೇಷನ್ನಾಗೆ ಹುಟ್ಟಬೇಕಿತ್ತು, ತಪ್ಪಿ ಕುರಿಯೋರ ಮನೇಲಿ ಹುಟ್ಟಿದೀಯ" ಎಂದು ನನ್ನ ಗಂಡ ಹೇಳುವುದುಂಟು. ಹೇಳಲಿ. ಆ ಹೂವಿನ ವಿಷಯದಲ್ಲಿ ಅನುಮಾನಪಡಲು ನನಗೆ ಕಾರಣವಿತ್ತು.

ಹತ್ತು ಗಂಟೆ ಹೂವು ಅಪರೂಪದ್ದಲ್ಲ. ಪಟ್ಟಣದ ನರ್ಸರಿಯವರು ಅದನ್ನೇ ಟೇಬಲ್ ರೋಸ್ ಎಂದು ಕುಂಡದಲ್ಲಿಟ್ಟು ಮಾರುತ್ತಾರೆ. ನೆಲಕ್ಕಂಟಿಕೊಂಡು ಹರಡುವ ಗಿಡ, ದಪ್ಪ ಸೂಜಿಯಂಥ ಎಲೆ. ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಮುಡಿಯಲು ಬಾರದು, ಮಾಲೆಗೂ ಆಗದು. ಆದರೆ ಹೊಸದುರ್ಗದ ಕಡೆಯ ಗಾಳಿ ಕಂಡವರಿಗೆ ಅದರ ಬೆಲೆ ಗೊತ್ತು. ಮಾಡದಕೆರೆ ಹತ್ತಿರದ ನಮ್ಮೂರಿನಲ್ಲಿ ಗಾಳಿ ಎದ್ದರೆ ಅಂಗಳದ ಕೆಂಪು ಮಣ್ಣು ನೇರ ಅಡುಗೆಮನೆಗೆ ಬರುತ್ತದೆ. ಈ ಗಿಡ ಹಬ್ಬಿದ ಕಡೆ ಮಣ್ಣು ಕದಲುವುದಿಲ್ಲ. ತೆಂಗಿನ ಬುಡದಲ್ಲಿ ಬಿಟ್ಟರೆ ಪಾತಿಯ ತೇವ ಬೇಗ ಆರುವುದಿಲ್ಲ, ಕಳೆಯೂ ಏಳುವುದಿಲ್ಲ. ಅರಳಿದ್ದರಲ್ಲಿ ಒಂದು ಬೊಗಸೆ ದೇವರಿಗೆ, ಮಿಕ್ಕಿದ್ದು ಜೇನುಹುಳುಗಳಿಗೆ.

ಎಲ್ಲರ ಮನೆಯಲ್ಲೂ ಇರುವುದು ಗುಲಾಬಿ ಬಣ್ಣದ್ದು, ಇಲ್ಲವೇ ಕೆಂಪು. ನನ್ನದು ಬೆಣ್ಣೆ ಬಣ್ಣದ್ದು, ನಡುವೆ ಕುಂಕುಮ ಇಟ್ಟಷ್ಟು ಕೆಂಪು. ಅದು ಅವ್ವನ ಹೂವು.

ಅವ್ವ ಅದನ್ನು ಕದ್ದು ತಂದಿದ್ದಳು. ನಾನಿನ್ನೂ ಹಿರಿಯೂರಿನ ತವರುಮನೆಯಲ್ಲಿದ್ದಾಗ, ಕಣ್ಣು ತೋರಿಸಲು ಅವಳನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಹೊಸ ಕನ್ನಡಕ ಹಾಕಿಕೊಂಡು ಹೊರಬಂದವಳು ಮೊದಲು ಕಂಡದ್ದು ಯಾರದೋ ಕಾಂಪೌಂಡಿನ ಮೇಲೆ ಇಳಿಬಿದ್ದಿದ್ದ ಈ ಹೂವನ್ನು. ಒಳಗೆ ಹೆಂಗಸೊಬ್ಬಳು ಬಟ್ಟೆ ಒಣಗಿಸುತ್ತಿದ್ದಳು. "ಕೇಳ್ಲಾ?" ಎಂದೆ. ಅವ್ವ ನನ್ನ ಕೈ ಜಿಗುಟಿದಳು.

"ಹೂವಿನ ಗಿಡ ಕೇಳಿ ತರಬಾರ್ದು ಕಣವ್ವ. ಕೊಟ್ಟೋರ ಮನಸ್ಸು ಅದರ ಜೊತೇಲೇ ಬರ್ತೈತೆ, ಬೇರು ಬಿಡಾಕೆ ಬಿಡಲ್ಲ. ಕದ್ದಿದ್ದೇ ಚೆನ್ನಾಗಿ ಹಿಡಿಯೋದು."

ಕುಡಿಗಳನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ತಂದಳು. ಬೇರೆ ಯಾರದಾದರೂ ಒಂದು ಕಡ್ಡಿ ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಹೆಂಗಸು ಅವಳು. ಹೂವಿನ ಗಿಡಕ್ಕೆ ಮಾತ್ರ ಬೇರೆ ಕಾನೂನು. ಕಾನೂನಿಗೆ ಇನ್ನೊಂದು ಅರ್ಧವೂ ಇತ್ತು. ನಮ್ಮ ಅಂಗಳದಲ್ಲಿ ಯಾರಾದರೂ ಬಗ್ಗಿದರೆ ಅವ್ವ ಅತ್ತ ನೋಡುತ್ತಿರಲಿಲ್ಲ. ಇಲ್ಲದ ಕೋಳಿಯನ್ನು ಬೈಯುತ್ತ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಹಳ್ಳಿಯ ಹೆಂಗಸರಿಗೆಲ್ಲ ಇದು ಗೊತ್ತಿದ್ದದ್ದೇ. ನನಗೂ ಗೊತ್ತಿತ್ತು. ಆದರೆ ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ.

ಮದುವೆಯಾದ ಮೇಲೆ ಅವ್ವನ ಅಂಗಳದಿಂದ ನಾನೂ ಕದ್ದೇ ತಂದೆ. ಅವಳು ಕೋಳಿಯನ್ನು ಬೈದಳು. ಆಮೇಲೆ ಅವ್ವ ತೀರಿಕೊಂಡಳು. ನನ್ನ ತಮ್ಮ ಮನೆ ರಿಪೇರಿ ಮಾಡಿಸುವಾಗ ಹಿರಿಯೂರಿನ ಆ ಅಂಗಳಕ್ಕೆ ಪೂರ್ತಿ ಸಿಮೆಂಟು ಹಾಕಿಸಿಬಿಟ್ಟ. ಬೀಜ ಉದುರಿ ಹುಟ್ಟಿದರೆ ಬಣ್ಣ ಹೇಗೋ ಏನೋ, ನಂಬುವಂತಿಲ್ಲ. ಕುಡಿಯಿಂದ ಬಂದರಷ್ಟೇ ಅದೇ ಬೆಣ್ಣೆ, ಅದೇ ಕುಂಕುಮ. ಅಂದರೆ ಅವ್ವನ ಹೂವು ಭೂಮಿಯ ಮೇಲೆ ಉಳಿದದ್ದು ನಮ್ಮ ತೆಂಗಿನ ಪಾತಿಯಲ್ಲಿ ಮಾತ್ರ. ಅದನ್ನೇ ಈಗ ಯಾರೋ ಚಿವುಟುತ್ತಿದ್ದರು.

ವಿಚಾರಣೆ ಶುರುಮಾಡಿದೆ. ಪಾತಿಯ ಸುತ್ತ ಒಲೆಯ ಬೂದಿ ಚೆಲ್ಲಿದೆ. ಬೆಳಿಗ್ಗೆ ನೋಡಿದರೆ ನನ್ನದೇ ಹೆಜ್ಜೆ, ಜೊತೆಗೆ ಒಂದು ಬೆಕ್ಕಿನದು. ಮೊಸರಿಗೆ ಹೆಪ್ಪು ಬೇಕೆಂಬ ನೆಪದಲ್ಲಿ ಒಂದೊಂದೇ ಮನೆಯ ಅಂಗಳ ಹೊಕ್ಕು ಬಂದೆ. ಎಲ್ಲಿಯೂ ಬೆಣ್ಣೆ ಬಣ್ಣ ಕಾಣಲಿಲ್ಲ. ನಮ್ಮ ಮನೆಯಲ್ಲಿ ಹೆಪ್ಪಿನ ಬಟ್ಟಲುಗಳು ಸಾಲಾಗಿ ಕೂತವು. "ಏನೇ ಇದು, ಡೈರಿ ಇಡ್ತೀಯೇನೇ?" ಎಂದು ಗಂಡ ಕೇಳಿದ. ಅವನ ಮೇಲೂ ಅನುಮಾನ ಬಂದು ಉಗುರು ನೋಡಿದೆ. ಅವನ ಉಗುರಿನಲ್ಲಿ ಕುರಿಯ ಉಣ್ಣೆ ಬಿಟ್ಟರೆ ಏನೂ ಇರಲಿಲ್ಲ.

ನಾನು ಹೋಗದೆ ಉಳಿದ ಮನೆ ಒಂದೇ, ನನ್ನ ಓರಗಿತ್ತಿಯದು. ಗಂಡನ ಅಣ್ಣನ ಹೆಂಡತಿ. ನಡುವೆ ಒಂದು ಗೋಡೆ, ಎರಡೂ ಮನೆಗೆ ಒಂದೇ ನಲ್ಲಿ, ಆ ನಲ್ಲಿ ನಮ್ಮ ತೆಂಗಿನ ಮರದ ಪಕ್ಕದಲ್ಲೇ. ಅವಳೂ ನಾನೂ ಮಾತು ಬಿಟ್ಟಿದ್ದೆವು. ಗೊಬ್ಬರಕ್ಕೆಂದು ಕುರಿ ಮಂದೆಯನ್ನು ಯಾರ ಹೊಲದಲ್ಲಿ ಮೊದಲು ನಿಲ್ಲಿಸಬೇಕು ಎಂಬುದಕ್ಕೆ ಒಂದು ವರ್ಷ ಜಗಳವಾಗಿತ್ತು. ಅಣ್ಣತಮ್ಮಂದಿರು ಆಮೇಲೆ ಒಂದೇ ತಟ್ಟೆಯಲ್ಲಿ ಉಂಡರು. ನಾವು ಹೆಂಗಸರು ಅಷ್ಟು ಸಲೀಸಾಗಿ ಬಿಟ್ಟುಕೊಡಲಿಲ್ಲ.

ಇದನ್ನೆಲ್ಲ ಯೋಚಿಸುವಾಗ ಹಳೆಯದೊಂದು ನೆನಪಾಯಿತು. ಅವ್ವ ಕೊನೆಯ ಸಲ ನಮ್ಮೂರಿಗೆ ಬಂದಾಗ ನಲ್ಲಿಯ ಹತ್ತಿರದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಇವಳ ಜೊತೆ ಗುಸುಗುಸು ಮಾತಾಡುತ್ತಿದ್ದಳು. ನಾನು ಹೋದ ತಕ್ಷಣ ಮಾತು ಮಳೆಯ ಕಡೆ ತಿರುಗಿತು. ನನ್ನ ಸ್ವಂತ ಅವ್ವ, ನಾನು ಮಾತು ಬಿಟ್ಟವಳ ಜೊತೆ! ಆಗಲೇ ನನಗೆ ಹೊಟ್ಟೆ ಉರಿದಿತ್ತು. ಇವಳು ಗಿಡ ಕೇಳಿರಬೇಕು ಎಂದು ಈಗ ಖಾತ್ರಿಯಾಯಿತು.

ಚಿವುಟುವಾಗಲೇ ಹಿಡಿಯೋಣವೆಂದರೆ ನೀರಿಗೆ ಬರುವುದು ಅವಳ ಹಕ್ಕು. ಅದಕ್ಕೇ ಬೇರೆ ದಾರಿ ಹುಡುಕಿದೆ. ಒಂದು ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಕಟ್ಟೆಯ ಮೇಲಿದ್ದಾಗ ಒಂದು ಹಿಡಿ ಕುಡಿ ಚಿವುಟಿಕೊಂಡು ಅವಳ ಬಾಗಿಲಿಗೆ ಹೋದೆ. ಎಲ್ಲರಿಗೂ ಕೇಳುವಂತೆ, "ತಗಳ್ರಿ ಅಕ್ಕ, ನಾನೇ ಕೊಡ್ತಾ ಇದೀನಿ, ಮನಸಾರೆ ಕೊಡ್ತಾ ಇದೀನಿ" ಎಂದೆ. ಕೊಟ್ಟ ಗಿಡ ಬೇರು ಬಿಡುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಶಪಿಸಿದ್ದರೂ ಅಷ್ಟು ಕೆಟ್ಟದಾಗಿರುತ್ತಿರಲಿಲ್ಲ.

ಅವಳು ಕುಡಿಗಳನ್ನು ತೆಗೆದುಕೊಂಡಳು. ನನ್ನ ಮುಖ ನೋಡಿದಳು. ನೇರ ಹಿತ್ತಲಿಗೆ ಹೋಗಿ ಕುರಿಗಳ ಮುಂದೆ ಹಾಕಿದಳು. "ತಿನ್ರೇ, ಮನಸಾರೆ ಕೊಟ್ಟವ್ರೆ" ಎಂದಳು. ಕುರಿಗಳು ತಿಂದವು.

ಗೆದ್ದೆ ಎಂದುಕೊಂಡೆ. ಆದರೆ ಚಿವುಟುವುದು ನಿಲ್ಲಲಿಲ್ಲ. ಆಗ ನನ್ನ ಅನುಮಾನಕ್ಕೆ ನಿದ್ದೆಯೂ ಹೋಯಿತು. ಹಿರಿಯೂರಿನಲ್ಲಿ ತಮ್ಮನ ಮಗಳ ಮದುವೆ, ಹೋಗಲೇಬೇಕು. ನಾನಿಲ್ಲದಾಗ ಇವಳು ಪಾತಿಯನ್ನೇ ಬೋಳಿಸುತ್ತಾಳೆಂದು ಗೊಬ್ಬರ ಮುಚ್ಚುವ ಟಾರ್ಪಾಲನ್ನು ಗಿಡದ ಮೇಲೆ ಹಾಸಿ, ಸುತ್ತ ಗೂಟ ಹೊಡೆದು, ಅಂಚಿಗೆ ಕಲ್ಲು ಹೇರಿ ಹೊರಟೆ. ಗಂಡ ನೋಡಿ, "ಉಸಿರಾಡಾಕಾದ್ರು ಬಿಡೇ" ಎಂದ. ನಾನು ಬಿಡಲಿಲ್ಲ.

ಮದುವೆಯ ದಿನದಿಂದಲೇ ಸೈಕ್ಲೋನಿನ ಮಳೆ ಹಿಡಿಯಿತು. ನಮ್ಮ ಕಡೆ ಹನಿಗೂ ಆಕಾಶ ನೋಡುವ ಜನ ಸಾಕಪ್ಪಾ ಎನ್ನುವಷ್ಟು ಸುರಿಯಿತು. ಗಂಡ ಕುರಿಗಳ ಹಿಂದೆ ಬೇರೆ ಊರಿನ ಹೊಲದಲ್ಲಿದ್ದ. ನಾನು ವಾಪಸು ಬಂದಾಗ ಟಾರ್ಪಾಲಿನ ಮೇಲೆ ನೀರು ನಿಂತು ಗಿಡವನ್ನು ನೆಲಕ್ಕೆ ಒತ್ತಿಬಿಟ್ಟಿತ್ತು. ಎತ್ತಿದೆ. ಕೊಳೆತ ಸೊಪ್ಪಿನ ವಾಸನೆ ಮುಖಕ್ಕೆ ರಾಚಿತು. ಮುಟ್ಟಿದ ಕಡೆಯೆಲ್ಲ ಬೆರಳಿಗೆ ಲೋಳೆ. ಗಟ್ಟಿಯಾದ ಒಂದೇ ಒಂದು ಗೆಣ್ಣಿಗಾಗಿ ಹುಡುಕಿದೆ. ಸಿಗಲಿಲ್ಲ. ಅವ್ವ ತೀರಿಕೊಂಡ ದಿನ ಜನರ ನಡುವೆ ಅಳು ತಡೆದುಕೊಂಡಿದ್ದೆ. ಈಗ ಕೆಸರಿನಲ್ಲಿ ಕೂತು ಅತ್ತೆ.

ಕಣ್ಣೊರೆಸಿಕೊಂಡ ಮೇಲೆ ನನಗೆ ಮೊದಲು ಹೊಳೆದದ್ದು ಅದೇ ಅನುಮಾನ. ಚಿವುಟಿದ ಕುಡಿಗಳು ಎಲ್ಲಿಗಾದರೂ ಹೋಗಿರಲೇಬೇಕಲ್ಲ?

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಗೋಡೆಯ ಆಚೆ ಇಣುಕಿದೆ. ಅಂಗಳದಲ್ಲಿ ಏನೂ ಇರಲಿಲ್ಲ. ಹಿತ್ತಲ ಕಡೆ, ಕುರಿ ರೊಪ್ಪದ ಹಿಂದೆ, ಎತ್ತರದ ಕಲ್ಲುಮಣ್ಣಿನ ದಿಬ್ಬದ ಮೇಲೆ, ಮಳೆ ಬಿಟ್ಟು ಏರಿದ ಬಿಸಿಲಿಗೆ ಬೆಣ್ಣೆ ಬಣ್ಣ ಅರಳಿತ್ತು. ನೀರು ನಿಲ್ಲದ ಜಾಗ. ಕುರಿ ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು. ನನಗಿಂತ ಚೆನ್ನಾಗಿ ಬೆಳೆಸಿದ್ದಳು. ಸಂತೋಷವೂ ಸಿಟ್ಟೂ ಒಟ್ಟಿಗೇ ಬಂದವು.

ಕೇಳುವಂತಿಲ್ಲ. ಕೇಳಿದರೆ ಅವಳು ಕೊಡುತ್ತಾಳೆ, ಕೊಟ್ಟದ್ದು ಹಿಡಿಯುವುದಿಲ್ಲ. ಆ ದಾರಿಯನ್ನು ಬೀದಿಯವರ ಮುಂದೆ ನಾನೇ ತೋರಿಸಿಕೊಟ್ಟಿದ್ದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಲ ಬೇಲಿಯ ದಣಪೆ ದಾಟಿದೆ. ಮುಳ್ಳು ಸರಿಸಿ ಬಗ್ಗಿದೆ. ಆಗಲೇ ರೊಪ್ಪದ ಮೂಲೆಯಲ್ಲಿ ಸೊಪ್ಪಿನ ಹೊರೆ ಹೊತ್ತ ಓರಗಿತ್ತಿ ಎದುರಾದಳು. ನನ್ನ ಕೈ ಗಿಡದ ಮೇಲೇ ಇತ್ತು.

ಅವಳು ಬೆನ್ನು ತಿರುಗಿಸಿದಳು.

"ಹಾಳು ಕೋಳಿ, ಇಲ್ಲೂ ಬಂತೇನೋ! ಹುಶ್! ಹುಶ್!" ಎನ್ನುತ್ತ ಒಳಗೆ ಹೋದಳು. ಅವರ ಮನೆಯಲ್ಲಿ ಕೋಳಿಯೇ ಇಲ್ಲ. ಆಮೇಲೆ ಅಡುಗೆಮನೆಯಿಂದ ಪಾತ್ರೆಗಳ ಸದ್ದು ಬಂತು, ನಾನು ದಣಪೆ ದಾಟುವವರೆಗೂ ಬರುತ್ತಲೇ ಇತ್ತು.

ಈ ಸಲ ಕುಡಿಗಳನ್ನು ಪಾತಿಯಲ್ಲಿ ನೆಡದೆ ಗೋಡೆಯ ಬದಿಯ ಏರಿನಲ್ಲಿ ನೆಟ್ಟೆ. ಹಿಡಿದವು. ಮೊದಲ ಹೂವು ಅರಳಿದ ದಿನ ನಲ್ಲಿಗೆ ಬಂದ ಅವಳು ಬಿಂದಿಗೆ ಇಟ್ಟು ಅದನ್ನೇ ನೋಡುತ್ತ ನಿಂತಳು. ನಾನೇ ಮಾತು ತೆಗೆದೆ.

"ಅವ್ವನ ಹತ್ರ ನೀವು ಮೊದಲೇ ಕೇಳಿದ್ರೇನಕ್ಕಾ?"

"ನಾನ್ಯಾಕೆ ಕೇಳ್ಲಿ? ಅವ್ವನೇ ಹೇಳಿದ್ದು" ಎಂದಳು. "'ನನ್ನ ಮಗಳು ಅನುಮಾನದೋಳು, ಯಾರ್ನೂ ಮುಟ್ಟಾಕೆ ಬಿಡಲ್ಲ, ಹೂವು ಒಂದೇ ಕಡೆ ಉಳಿದ್ರೆ ಒಂದಿನ ಇಲ್ದಂಗಾಗ್ತೈತೆ. ಆಗಾಗ ನಾಕು ಕುಡಿ ಕದ್ದು ಇಟ್ಕಳವ್ವ, ಅವ್ಳಿಗೆ ಹೇಳಬ್ಯಾಡ' ಅಂದ್ಲು."

ಬಿಂದಿಗೆ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಈಗ ಅವಳೂ ನಾನೂ ಮಾತಾಡುತ್ತೇವೆ. ಗಿಡದ ಮಾತು ಮಾತ್ರ ಆಡುವುದಿಲ್ಲ. ನಾನು ನೀರು ಹಾಕಲು ಹೋದಾಗ ಕುಡಿ ಕಡಿಮೆಯಾದದ್ದು ಕಂಡರೆ ಕೋಳಿಯನ್ನು ಬೈದು ಒಳಗೆ ಬರುತ್ತೇನೆ.

ಆದರೆ ಅನುಮಾನ ಬಿಟ್ಟಿಲ್ಲ, ಇನ್ನೂ ಹೆಚ್ಚಾಗಿದೆ. ಅವ್ವ ಇವಳೊಬ್ಬಳಿಗೇ ಹೇಳಿ ಸುಮ್ಮನಾದಳೆಂದು ನಾನು ನಂಬುವುದಿಲ್ಲ. ಅವಳು ಸಿರಿಗೆರೆಯಲ್ಲಿ ತಂಗಿಯ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದವಳು, ಹೊರಕೆರೆದೇವಪುರಕ್ಕೆ ಹರಕೆ ಹೊತ್ತು ಹೋದವಳು, ಹೋದಲ್ಲೆಲ್ಲ ಯಾರಾದರೊಬ್ಬರನ್ನು ಪಕ್ಕಕ್ಕೆ ಕರೆದು ಗುಸುಗುಸು ಮಾತಾಡುತ್ತಿದ್ದವಳು. ಅದಕ್ಕೇ ಹೊಳಲ್ಕೆರೆಗೆ, ಚಿತ್ರದುರ್ಗಕ್ಕೆ ಹೊರಟರೆ ನಾನು ಕಿಟಕಿ ಪಕ್ಕದ ಸೀಟೇ ಹಿಡಿಯುತ್ತೇನೆ. ಹತ್ತು ಗಂಟೆಯ ಬಸ್ಸಿಗೇ ಹೋಗುತ್ತೇನೆ, ಬೇರೆ ಹೊತ್ತಿನಲ್ಲಿ ಹೂವು ಅರಳಿರುವುದಿಲ್ಲ. ದಾರಿಯ ಒಂದೊಂದು ಅಂಗಳವನ್ನೂ, ಒಂದೊಂದು ಕಾಂಪೌಂಡನ್ನೂ ನೋಡುತ್ತ ಕೂರುತ್ತೇನೆ. ಇಲ್ಲಿ ಎಲ್ಲೋ ಒಬ್ಬ ಕಳ್ಳಿ ಇದ್ದಾಳೆ.