ಹನ್ನೊಂದು ವರ್ಷ ಹೇಳದ ಮಾತು

ನಮ್ಮಪ್ಪ ಬಾಗಿಲು, ಕಿಟಕಿ ಮಾಡುವ ಬಡಗಿ. ನನ್ನ ಅಪ್ಪ ಅಂತ ಹೊಗಳುತ್ತಿಲ್ಲ, ಅವರು ಕೂರಿಸಿದ ಬಾಗಿಲು ಒಂದೇ ಬೆರಳಿಗೆ ಸದ್ದಿಲ್ಲದೆ ತೆರೆದುಕೊಳ್ಳುತ್ತಿತ್ತು. ಸರಿ, ಹೊಗಳುತ್ತಲೇ ಇದ್ದೇನೆ. ಯಾಕೆ ಹೊಗಳಬಾರದು?

ಹಳ್ಳಿಯ ಅಂಚಿನಲ್ಲಿದ್ದ ನಮ್ಮ ಮನೆಯ ಎಂಟು ಬಾಗಿಲು, ಅಟ್ಟ, ಅಟ್ಟದ ಮೆಟ್ಟಿಲು ಎಲ್ಲವೂ ಅವರ ಕೈಕೆಲಸ. ದಿನಾ ಸಂಜೆ ಉಳಿ, ಗರಗಸ ಒರೆಸಿಟ್ಟು, ತಲೆಗೂದಲಿಗೆ ಅಂಟಿದ ಮರದ ಹೊಟ್ಟು ಕೊಡವಿಕೊಂಡು, ಕೈಕಾಲು ತೊಳೆದು ನಡುಮನೆಗೆ ಬರುತ್ತಿದ್ದರು. ಅಪ್ಪ, ಅಮ್ಮ, ನಾನು ಮೂವರೂ ನಿಂತು ತಾತ ಕಲಿಸಿದ ಪ್ರಾರ್ಥನೆ ಹೇಳುತ್ತಿದ್ದೆವು. "ಈ ದಿನದ ಅನ್ನಕ್ಕೆ, ಈ ದಿನದ ಕೆಲಸಕ್ಕೆ, ಕೈಗೆ ಕೊಟ್ಟ ಬಲಕ್ಕೆ ನಮಸ್ಕಾರ." ಆಮೇಲೆ ಒಂದು ಉಸಿರಿನಷ್ಟು ಹೊತ್ತು ಮೌನ. ಆಮೇಲೆ "ನಾಳೆಯೂ ಹೀಗೇ ನಡೆಸು, ತಂದೆ."

ಆ ಮೌನವೂ ಪ್ರಾರ್ಥನೆಯದೇ ಭಾಗ ಎಂದು ನಾನು ತಿಳಿದಿದ್ದೆ. ಹತ್ತನೆಯ ವಯಸ್ಸಿನಲ್ಲಿ, ಒಂದು ದಿನ ಶಾಲೆಯಲ್ಲಿ ಎಲ್ಲರ ಮುಂದೆ ಅದನ್ನು ಹೇಳುತ್ತ ಅಲ್ಲಿಗೆ ಬಂದು ಗಪ್‌ಚುಪ್ ನಿಂತೆ. ಟೀಚರು "ಮರ್ತೋಯ್ತಾ?" ಅಂದರು. "ಇಲ್ಲ ಟೀಚರ್, ಇಲ್ಲಿ ಸುಮ್ಮನಿರಬೇಕು" ಅಂತ ಅವರಿಗೇ ಬುದ್ಧಿ ಹೇಳಿದೆ.

ಮನೆಗೆ ಬಂದು ಜಂಬದಿಂದ ವರದಿ ಒಪ್ಪಿಸಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು. ನಕ್ಕವಳು ಹಾಗೇ ಸಪ್ಪಗಾದಳು.

"ಅಲ್ಲೊಂದ್ ಮಾತಿದೆ ಕಣೇ. ಸಾಲ ಮಾಡಿದ ದಿನದಿಂದ ನಿಮ್ಮಪ್ಪ ಅದನ್ನ ಬಿಟ್ಟಿದ್ದಾರೆ. ದೇವರ ಮುಂದೆ ಸುಳ್ಳು ಹೇಳಲ್ವಂತೆ."

"ಏನ್ ಮಾತು?"

"ಅವರ ಬಾಯಿಂದಾನೇ ಕೇಳು. ಮಧ್ಯದ್ದು ನುಂಗಿ 'ನಾಳೆಯೂ ಹೀಗೇ ನಡೆಸು' ಅಂದ್ರೆ ದೇವರು ಇನ್ನೇನ್ ಮಾಡ್ತಾನೆ? ಸಾಲಾನೇ ನಡೆಸ್ತಿದ್ದಾನೆ!"

ಆ ಸಾಲ ನನಗಿಂತ ಒಂದು ವರ್ಷ ದೊಡ್ಡದು. ಮರ ಕೊಯ್ಯುವ ಯಂತ್ರ ಕೊಳ್ಳಲೆಂದು ಅಪ್ಪ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರು. ಯಂತ್ರ ಬಂದ ಮಾರನೆಯ ವರ್ಷವೇ ಪೇಟೆಗೆ ಕಾರ್ಖಾನೆಯ ರೆಡಿಮೇಡ್ ಬಾಗಿಲುಗಳು ಬಂದವು. ಯಂತ್ರ ಗುಜರಿಗೆ ಹೋಯಿತು, ಸಾಲ ಮಾತ್ರ ಮನೆಮಗಳ ಹಾಗೆ ನಮ್ಮೊಂದಿಗೇ ಬೆಳೆಯಿತು.

ಶಾಲೆಯ ಸಮಾಚಾರ ಅಪ್ಪನ ಕಿವಿಗೂ ಬಿತ್ತು. ಅವರು ನಗಲಿಲ್ಲ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಮನೆ ಮಾರ್ಬಿಡೋಣ" ಅಂದರು.

"ಬ್ಯಾಂಕಿನೋರು ಇನ್ನೂ ಎರಡು ವರ್ಷ ಟೈಮ್ ಕೊಡ್ತೀವಿ ಅಂದಿದ್ದಾರಲ್ಲ?" ಅಂದಳು ಅಮ್ಮ.

"ಮಗಳು ಪ್ರಾರ್ಥನೆ ಅರ್ಧಂಬರ್ಧ ಕಲ್ತಿದ್ದಾಳೆ. ಇನ್ನೆಷ್ಟು ವರ್ಷ ಬೇಕು?"

ಮಾರುವುದೇನೋ ಸರಿ, ಆದರೆ ಮಾರುವ ಕಲೆ ನಮ್ಮಪ್ಪನಿಗೆ ಬಿಲ್‌ಕುಲ್ ಗೊತ್ತಿರಲಿಲ್ಲ. ಮನೆ ನೋಡಲು ಬಂದವರಿಗೆ ಮೊದಲು ತೋರಿಸುತ್ತಿದ್ದದ್ದು ಸೋರುವ ಮೂಲೆ. ಆಮೇಲೆ ತೇವ ಹಿಡಿದ ಹಿಂದಿನ ಗೋಡೆ. ಆಮೇಲೆ ಬೇಸಿಗೆಯಲ್ಲಿ ಬಾವಿಯ ನೀರು ಕೆಂಪಗಾಗುವ ವಿಚಾರ. ಮೊದಲು ಬಂದ ಇಬ್ಬರು ಬಂದ ದಾರಿ ಹಿಡಿದರು.

"ನೀವು ಕರ್ಕೊಂಡ್ ಬಂದಿದ್ದು ಮಾರೋಕೋ, ಓಡ್ಸೋಕೋ?" ಎಂದು ಅಮ್ಮ ಹರಿಹಾಯ್ದಳು. "ಕೇಳಿದ್ರೆ ಹೇಳಿ ಸಾಕು!"

"ಅವರಿಗೆ ಗೊತ್ತಿದ್ರೆ ತಾನೇ ಕೇಳೋದು?"

ಮೂರನೆಯವರು ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ. ಗಟ್ಟಿ ಹೆಂಗಸು. ಅಪ್ಪ ಒಂದೊಂದು ಹುಳುಕು ಹೇಳಿದ ಹಾಗೆಲ್ಲ ಅವರು ಬೆಲೆಯನ್ನು ಒಂದೊಂದು ಮೆಟ್ಟಿಲು ಇಳಿಸುತ್ತ ಹೋದರು. ಅಪ್ಪ ತಲೆಯಾಡಿಸುತ್ತ ಹೋದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಹೋದಳು. ಕೊನೆಗೆ ಬ್ಯಾಂಕಿನದು ತೀರಿ ನಮಗೆ ಉಳಿದದ್ದು ಪೇಟೆಯ ಸೈಕಲ್ ಶಾಪಿನ ಹಿಂದೆ ಎರಡು ಕೋಣೆಗೆ ಕೊಡುವಷ್ಟು ಅಡ್ವಾನ್ಸು, ಅಪ್ಪನ ಹತಾರಗಳು, ಮತ್ತೆ ಒಂದು ತೇಗದ ತೊಲೆ. ಕೆಲಸದ ಮೇಜು ಮಾಡಿಕೊಳ್ಳಲೆಂದು ಅಪ್ಪ ಅದನ್ನು ವರ್ಷಗಟ್ಟಲೆ ಜೋಪಾನ ಮಾಡಿದ್ದರು.

ಬಾಡಿಗೆ ಕೋಣೆಯ ಮೊದಲ ಸಂಜೆ. ಸಾಲ ತೀರಿದ ಬ್ಯಾಂಕಿನ ಕಾಗದ ಗೂಡಿನಲ್ಲಿತ್ತು. ಮೂವರೂ ನಿಂತೆವು. "...ಕೈಗೆ ಕೊಟ್ಟ ಬಲಕ್ಕೆ ನಮಸ್ಕಾರ." ಇನ್ನೇನು ಆ ಮಾತು ಬರುತ್ತದೆ ಎಂದು ನಾನು ಉಸಿರು ಬಿಗಿಹಿಡಿದೆ. ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಅಪ್ಪ ಗೂಡಿನ ಹಲಗೆಯಲ್ಲಿದ್ದ ಒಂದು ಬಿರುಕನ್ನೇ ದಿಟ್ಟಿಸುತ್ತಿದ್ದರು.

"ಅಟ್ಟದ ತೊಲೆ" ಅಂದರು. "ಅದು ಬಿರುಕು ಬಿಟ್ಟಿತ್ತು ಕಣೇ. ಮರದ ಹೊಟ್ಟಿಗೆ ಅಂಟು ಕಲಸಿ ತುಂಬಿ, ಮೇಲೆ ಪಾಲಿಶ್ ಎಳೆದಿದ್ದೆ. ಎಷ್ಟು ಚೆನ್ನಾಗಿ ಮುಚ್ಚಿದ್ದೆ ಅಂದ್ರೆ ನನಗೇ ಮರ್ತೋಗಿತ್ತು. ನರ್ಸಮ್ಮನಿಗೆ ಹೇಳ್ಲೇ ಇಲ್ಲ."

"ಮರೆತಿದ್ರೆ ಸುಳ್ಳು ಹೇಳಿದ ಹಾಗಲ್ವಲ್ಲ, ಅಪ್ಪ?" ಅಂದೆ. ನನಗೆ ಆ ಮಾತು ಕೇಳುವ ಆತುರ.

"ಈಗ ನೆನಪಾಯ್ತಲ್ಲ ಮಗಳೇ."

ನಾನು ಅಮ್ಮನ ಮುಖ ನೋಡಿದೆ. ಈಗ ಬೆಂಕಿ ಬೀಳುತ್ತದೆ ಅಂದುಕೊಂಡೆ. ಅಮ್ಮ ಗೋಡೆಗೆ ಒರಗಿಸಿದ್ದ ತೇಗದ ತೊಲೆಯ ಕಡೆ ತಿರುಗಿದಳು. ಮೇಲಿಂದ ಕೆಳಗಿನವರೆಗೂ ಅದನ್ನು ನೋಡಿ, "ಉದ್ದ ಸಾಕಾಗುತ್ತಾ?" ಅಂದಳು.

ಮಾರನೆಯ ಬೆಳಿಗ್ಗೆ ತೊಲೆಯನ್ನು ತಳ್ಳುಗಾಡಿಗೆ ಕಟ್ಟಿ ಮೂವರೂ ತಳ್ಳಿಕೊಂಡು ಹೊರಟೆವು. ಹಳ್ಳಿಯ ಅಂಗಡಿಯ ಕಟ್ಟೆಯ ಮೇಲಿದ್ದವರೊಬ್ಬರು, "ಮಾರಿದ ಮನೆಗೆ ಯಾರಾದ್ರೂ ಕೈಯಿಂದ ಮರ ಹಾಕ್ತಾರೇನ್ರೀ? ತಲೆ ಕೆಟ್ಟಿದ್ಯಾ?" ಎಂದು ಕೂಗಿದರು. ಅಪ್ಪ ಸುಮ್ಮನೆ ನಕ್ಕರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಆ ಬೀದಿಯಲ್ಲಿ ಅಷ್ಟು ಹೆಮ್ಮೆಯಿಂದ ನಾನು ಅದಕ್ಕೆ ಮೊದಲೂ ನಡೆದಿಲ್ಲ, ಆಮೇಲೂ ನಡೆದಿಲ್ಲ.

ನರ್ಸಮ್ಮ ಏಣಿ ಹತ್ತಿ, ಕನ್ನಡಕ ಹಾಕಿಕೊಂಡು ತೊಲೆಯನ್ನು ತಡಕಾಡಿದರು.

"ಎಲ್ಲಿದೆ ಬಿರುಕು? ನನಗೇನೂ ಕಾಣ್ತಿಲ್ಲ."

"ಕಾಣಬಾರದು ಅಂತಾನೇ ಮುಚ್ಚಿದ್ದು" ಅಂದರು ಅಪ್ಪ. ಆ ಸಂಕೋಚದಲ್ಲೂ ದನಿಯಲ್ಲಿ ಕಸುಬಿನ ಗತ್ತು ಇಣುಕಿತು.

ಎರಡು ದಿನ ಕೆಲಸ ನಡೆಯಿತು. ಅಪ್ಪ ಹಳೆಯ ತೊಲೆ ಇಳಿಸಿ, ಹೊಸದನ್ನು ಅಳತೆಗೆ ಕೊಯ್ದು ಕೂರಿಸಿದರು. ಅಮ್ಮ, ನಾನು ಹಲಗೆ ಹಿಡಿದೆವು, ಹೊಟ್ಟು ಗುಡಿಸಿದೆವು. ಕೊನೆಗೆ ನರ್ಸಮ್ಮ ಪರ್ಸು ತೆಗೆದರು. ಬೆಲೆ ಇಳಿಸುವಾಗ ಪಾತ್ರೆ ಕುಕ್ಕಿದ್ದ ನಮ್ಮಮ್ಮನೇ ಮುಂದೆ ಹೋಗಿ ಅವರ ಕೈ ತಡೆದಳು.

"ನೀವು ಕೊಡೋದು ಕೊಟ್ಟಾಗಿದೆ ಅಮ್ಮ. ಇದು ನಾವು ಕೊಡಬೇಕಾಗಿದ್ದದ್ದು."

ಆ ಸಂಜೆ ಬಾಡಿಗೆ ಕೋಣೆಯಲ್ಲಿ ಮತ್ತೆ ನಿಂತೆವು. ತೊಲೆ ಹೋದ ಮೇಲೆ ಆ ಗೋಡೆ ಬೋಳಾಗಿತ್ತು. ಅಪ್ಪನ ಕೂದಲಲ್ಲಿ ಇನ್ನೂ ಒಂದಿಷ್ಟು ಹೊಟ್ಟು ಉಳಿದಿತ್ತು. "...ಕೈಗೆ ಕೊಟ್ಟ ಬಲಕ್ಕೆ ನಮಸ್ಕಾರ." ನಾನು ಅಭ್ಯಾಸಬಲದಿಂದ ಬಾಯಿ ಮುಚ್ಚಿದೆ. ಅಪ್ಪ ಮುಚ್ಚಲಿಲ್ಲ.

"ಯಾರಿಗೂ ಏನೂ ಬಾಕಿ ಇಟ್ಟುಕೊಳ್ಳದೆ ನಿನ್ನ ಮುಂದೆ ನಿಂತಿದ್ದೇವೆ."

ಅಮ್ಮನೂ ದನಿ ಸೇರಿಸಿದ್ದಳು. ನನಗೆ ಮುಂದಿನದು ಬಾಯಿಗೇ ಬರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಪ್ರಾರ್ಥನೆಯಲ್ಲಿ ಮೊದಲ ಸಲ ತಪ್ಪಿದ್ದೆ.

"ಯಾಕೆ, ಮರ್ತೋಯ್ತಾ?" ಅಂದರು ಅಪ್ಪ.

"ಇಲ್ಲ ಅಪ್ಪ, ಆ ಮಾತು ನಂಗೆ ಗೊತ್ತೇ ಇರಲಿಲ್ಲ. ಇನ್ನೊಂದ್ ಸಲ ಹೇಳಿ."

ಅಪ್ಪ ಮೊದಲಿನಿಂದ ಶುರುಮಾಡಿದರು. ಈ ಸಲ ಮೂವರೂ ಹೇಳಿದೆವು, ಎಲ್ಲೂ ನಿಲ್ಲಲಿಲ್ಲ.